ಪುಂಡಿಗೆ ಜಡೆ ಹೆಣೆದವರು

ಅಫಜಲಪುರದ ಭಾಗ್ಯಜ್ಯೋತಿ ಎಂಥ ಚಿತ್ರಗಾರ್ತಿಯೆಂದರೆ, ಅಂಗನವಾಡಿ ಗೋಡೆಯ ಮೇಲೆ ಅವಳು ತೋಳ ಬರೆದ ವರ್ಷ ಆ ಓಣಿಯ ಆಡುಗಳೆಲ್ಲ ಊರು ಸುತ್ತಿ ಮೇಯಲು ಹೋದವು. ನಡೆದು ನಡೆದು ಬಡವಾದವೆಂದು ಒಬ್ಬ ಜಗಳಕ್ಕೂ ಬಂದಿದ್ದ. ಸುಳ್ಳೆನ್ನುವವರು ಆಡುಗಳನ್ನೇ ಕೇಳಲಿ.

ಇಂಥ ಕೈಯಿಂದ ಮಕ್ಕಳ ಪುಸ್ತಕದವರು ಏನು ಬರೆಸಿದರು? ಎಮ್ಮೆ ಕಪ್ಪಾಯಿತು, ತುಸು ಗುಲಾಬಿ ಮಾಡಿ ಎಂದ ಒಬ್ಬ ಮಹಾಶಯ. ಇನ್ನೊಬ್ಬ ಕತ್ತೆಗೆ ಉದ್ದನೆಯ ರೆಪ್ಪೆ ಕೇಳಿದ. ಮದುವೆಗೆ ಹೊರಟ ಕತ್ತೆಗೂ ಅಷ್ಟು ಸಿಂಗಾರ ಇರುವುದಿಲ್ಲ. ಅವಳು ಹಲ್ಲು ಕಚ್ಚಿ ಬರೆದುಕೊಟ್ಟಳು. ಅವಳ ಆಸೆ ಬೇರೆಯೇ ಇತ್ತು: ಅನಿಮೇಷನ್ ಚಿತ್ರಕ್ಕೆ ಕತೆ ಬರೆಯಬೇಕು, ಪರದೆಯ ಮೇಲೆ ತನ್ನ ಹೆಸರು ಬೀಳಬೇಕು.

ಕೊನೆಗೆ ಬೆಂಗಳೂರಿನ ಒಂದು ಸ್ಟುಡಿಯೋ ಒಪ್ಪಿತು. ಚಿತ್ರ ನಮ್ಮವರೇ ಬಿಡಿಸುತ್ತಾರೆ, ನೀವು ಕತೆ ಕೊಡಿ ಸಾಕು ಎಂದ ಅಲ್ಲಿಯ ಕತೆ ವಿಭಾಗದ ದೊಡ್ಡ ಮನುಷ್ಯ ಅರುಣಕುಮಾರ. ಕೊಟ್ಟಳು. ಕತೆ ಇಷ್ಟೇ: ಊರಿಗೆಲ್ಲ ಬಾಯಿ ಕೆಟ್ಟು ಊಟ ಸೇರದಾದಾಗ ಒಬ್ಬ ಅಜ್ಜಿ ಹೊಲದಿಂದ ಪುಂಡಿ ತಂದು, ಕುದಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಾಳೆ. ಊರೇ ಬೆರಳು ನೆಕ್ಕುತ್ತದೆ. ಪುಂಡಿಯೆಂದರೆ ಹುಳಿ ಸೊಪ್ಪು ಎಂದು ಇಲ್ಲಿ ತೊಟ್ಟಿಲ ಕೂಸಿಗೂ ಹೇಳಿಕೊಡಬೇಕಿಲ್ಲ.

ಚಿತ್ರ ತಯಾರಾಗಿ ಮೊಬೈಲಿಗೆ ಬಂತು. ಭಾಗ್ಯಜ್ಯೋತಿ ತನ್ನ ಅಜ್ಜಿ ಸುಭದ್ರಾಬಾಯಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಹಚ್ಚಿದಳು. ಎರಡು ಜಡೆಯ ಹುಡುಗಿಯೊಬ್ಬಳು ಕಲ್ಲು ಬೀರುತ್ತ ಓಡಿಬಂದಳು.

"ಈ ಪೋರಿ ಯಾರಬೇ?" ಎಂದಳು ಸುಭದ್ರಾಬಾಯಿ.

"ಪುಂಡಿ ಅಂತ, ಆಯಿ."

"ಪುಂಡಿಗಿ ಜಡಿ ಯಾವಾಗ ಬಂತು? ಎಣ್ಣಿ ಹಚ್ಚಿ ಬಾಚ್ಯಾರ ನೋಡು. ಇಕಿನ್ನ ತೊಳದು ಕುದಸ್ತಾರೇನು?"

ಭಾಗ್ಯಜ್ಯೋತಿ ಆಗಲೇ ಅಜ್ಜಿಯ ಮೊಬೈಲಿನಿಂದ ಅರುಣಕುಮಾರನಿಗೆ ಫೋನು ಹಚ್ಚಿದಳು.

"ಪುಂಡ ಹುಡುಗಿ ಅಂತ ಅಲ್ವಾ ಮೇಡಂ?" ಎಂದ ಅವನು. "ಅಜ್ಜಿ ಅವಳನ್ನ ಕುದಿಸೋದು ತುಂಬಾ ಹಿಂಸೆ ಅನ್ನಿಸ್ತು. ಅದಕ್ಕೇ ಬುದ್ಧಿ ಹೇಳೋ ಥರ ಮಾಡಿದ್ವಿ."

"ಮತ್ತ ಬೆಳ್ಳುಳ್ಳಿ ಒಗ್ಗರಣಿ ಯಾಕ ಅಂತ ತಿಳ್ಕೊಂಡಿದ್ರಿ?"

"ನಿಮ್ಮ ಕಡೆ ಖಾರ ಜಾಸ್ತಿ ಅಲ್ವಾ ಮೇಡಂ."

"ಅದು ಪಲ್ಯಾ ಅದರಿ ಸರ್. ರೊಟ್ಟಿ ಜೋಡಿ ತಿನ್ನಾದು. ತಿದ್ರಿ."

"ಈಗ ಆಗಲ್ಲ. ಹೆಸರು ಹೇಗೂ ನಿಮ್ಮದೇ ಬರುತ್ತಲ್ಲ, ಬಿಡಿ. ಮುಂದಿನ ಕತೆನೂ ನಿಮಗೇ ಕೊಡ್ತೀನಿ."

ಭಾಗ್ಯಜ್ಯೋತಿ ನಿಲ್ಲಿಸಿಟ್ಟ ಚಿತ್ರದತ್ತ ನೋಡಿದಳು. ಎಷ್ಟೋ ವರ್ಷ ಕಾದ ಹೆಸರು ಜಡೆಯ ಹುಡುಗಿಯ ತಲೆಯ ಮೇಲೇ ಮಿನುಗುತ್ತಿತ್ತು.

"ನನ್ನ ಹೆಸರು ತಗೀರಿ ಸರ್," ಎಂದಳು. "ನಾ ಸಂತಿಗಿ ಹೋಗಿ ಕಾಯಿಪಲ್ಯಾ ತರಬೇಕು. ಮಾರೋರಿಗಿ ಹ್ಯಾಂಗ ಮಾರಿ ತೋರಸ್ಲಿ?"

"ಹೆಸರಿಲ್ಲ ಅಂದ್ರೆ ಮುಂದಿನ ಕತೆನೂ ಇಲ್ಲ ಮೇಡಂ."

"ಬ್ಯಾಡ್ರಿ. ನಾಳಿ ನೀವು ಬದನಿಕಾಯಿಗಿ ಮೀಸಿ ಹಚ್ಚತೀರಿ."

ಹೆಸರು ಹೋಯಿತು. ಆ ಜಾಗದಲ್ಲಿ ಅರುಣಕುಮಾರ ತನ್ನದನ್ನೇ ಹಾಕಿಕೊಂಡ. ಈಗ ಅವನನ್ನು ನಮ್ಮ ಸೀಮೆಯ ಜನಜೀವನ ಅರೆದು ಕುಡಿದವನೆಂದು ಸಭೆಗಳಿಗೆ ಕರೆಯುತ್ತಾರಂತೆ. ಅನಿಮೇಷನ್ನಿನವರು ಭಾಗ್ಯಜ್ಯೋತಿಯನ್ನು ಮತ್ತೆ ಕೇಳಿಲ್ಲ. ಅವಳು ಅಫಜಲಪುರದಲ್ಲೇ ಕೂತು ಪುಸ್ತಕಕ್ಕೆ ಚಿತ್ರ ಬರೆಯುತ್ತಾಳೆ. ಬೇಸರವಾದರೆ ಅವನ ಭಾಷಣದ ವಿಡಿಯೋ ಹಚ್ಚಿ ಸುಭದ್ರಾಬಾಯಿಯನ್ನು ಹೊಟ್ಟೆ ಹಿಡಿದು ನಗುವಂತೆ ಮಾಡುತ್ತಾಳೆ.