ಡಬ್ಬದ ಪುಡಿಗೆ ಹೊನ್ನಿ ಹೇಳಿದ ಸಾಕ್ಷಿ

ಹೊನ್ನಿ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ನಿಲ್ಕುಂದದ ಕಡೆಯ ಆ ಕೇರಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಂಗಡಿಯವನು ಬೆಲ್ಲ ತೂಗುವಾಗ ಅವಳು ಬೆಲ್ಲ ನೋಡುತ್ತಿರಲಿಲ್ಲ, ಅವನ ಕಿರುಬೆರಳು ನೋಡುತ್ತಿದ್ದಳು. ಮಗ ಉದಯನಿಗೆ ಹೆಣ್ಣು ನೋಡಲು ಹೋದಾಗ ಬೀಗರಾಗುವವರ ಸಿಹಿ ಮಾತು ಕೇಳಿಸಿಕೊಳ್ಳುತ್ತಲೇ ಅಂಗಳದಲ್ಲಿದ್ದ ನಾಯಿಯನ್ನು ಗಮನಿಸಿದಳು. ನಾಯಿ ಬಡಕಲಾಗಿತ್ತು. ಸಂಬಂಧ ಅಲ್ಲಿಗೇ ನಿಂತಿತು.

"ಹೊನ್ನಕ್ಕ ಸ್ವರ್ಗಕ್ಕೆ ಹೋದ್ರೂ ಬಾಗ್ಲು ಗಟ್ಟಿ ಅದ್ಯಾ ಅಂತ ತಟ್ಟಿ ನೋಡೇ ಒಳಗೆ ಕಾಲಿಡೂದು" ಎಂದು ಪಕ್ಕದ ಮನೆಯ ಚೌಡ ನಗುತ್ತಿದ್ದ.

ಅವಳು ಹಾಗಾದದ್ದಕ್ಕೂ ಕಾರಣವಿತ್ತು. ಅವಳ ಗಂಡ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ, ಎಂದರೆ ಗೊನೆ, ಕೊಯ್ಯುವವನು. ಹಗ್ಗ ಗಟ್ಟಿ ಇದೆ ಎಂದು ಯಾರೋ ಅಂದ ಮಾತು ನಂಬಿ ಹತ್ತಿದವನು ತಿರುಗಿ ನಡೆದು ಮನೆಗೆ ಬರಲಿಲ್ಲ. ಉದಯನೂ ಅದೇ ಕೆಲಸಕ್ಕೆ ಇಳಿದಾಗ ಹೊನ್ನಿ ಬೇಡ ಎನ್ನಲಿಲ್ಲ. ಕೆಳಗೆ ಹಗ್ಗ ಹಿಡಿಯಲು ಚೌಡನೇ ಆಗಬೇಕು ಎಂದಳು, ಅಷ್ಟೇ. ಚೌಡನೊಬ್ಬನನ್ನು ಅವಳು ನಂಬಿದ್ದಳು. ಉದಯ ಮರದ ತುದಿಯಿಂದ ಹಗ್ಗದ ಮೇಲೆ ಕೊನೆ ಜಾರಿಸಿ ಬಿಡುವನು, ಮರವನ್ನೇ ಬಗ್ಗಿಸಿ ತೂಗಿ ಪಕ್ಕದ ಮರಕ್ಕೆ ದಾಟುವನು. ಕೆಳಗೆ ಚೌಡ ಕತ್ತೆತ್ತಿ ನಿಂತಿರುವನು.

ಆ ವರ್ಷ ಶಿವರಾತ್ರಿಯ ಹೊತ್ತಿಗೆ ಇಬ್ಬರಿಗೂ ಮಂಗನ ಕಾಯಿಲೆಯ ಜ್ವರ ಹಿಡಿಯಿತು. ಇಬ್ಬರೂ ಬದುಕಿ ಮನೆಗೆ ಬಂದರು. ಆದರೆ ಉದಯನ ಪಕ್ಕೆಲುಬು ಎಣಿಸಬಹುದಾಗಿತ್ತು; ಐವತ್ತು ದಾಟಿದ್ದ ಚೌಡನಿಗೆ ಗೋಡೆ ಹಿಡಿಯದೆ ಅಂಗಳಕ್ಕೆ ಬರಲು ಆಗುತ್ತಿರಲಿಲ್ಲ.

ಆಗಲೇ ಸಿರಸಿಯಿಂದ ಸುಭಾಷ ಎಂಬವನು ಬೈಕಿನಲ್ಲಿ ಬಂದ. ಪೇಟೆಯಲ್ಲಿ ಜಿಮ್ ಇಟ್ಟವನು, ಮೈ ಬೆಳೆಸುವ ಪುಡಿ ಮಾರುವವನು. ಕೈಯಲ್ಲಿ ಬಿಂದಿಗೆಯಷ್ಟು ದೊಡ್ಡ ಕಪ್ಪು ಡಬ್ಬ. ಅದರ ಮೇಲೆ ಕುತ್ತಿಗೆಯೇ ಇಲ್ಲದಷ್ಟು ಉಬ್ಬಿದ ಒಬ್ಬನ ಚಿತ್ರ.

"ಅಮ್ಮಾ, ಜ್ವರ ಬಿದ್ದು ಎದ್ದವರಿಗೆ ನಮ್ಮ ಕಡೆಯಿಂದ ಒಂದು ಸೇವೆ. ಹಾಲಿಗೆ ಎರಡು ಚಮಚ ಹಾಕಿ ಕೊಡಿ. ದುಡ್ಡು ಬೇಡ."

"ದುಡ್ಡು ಬ್ಯಾಡ್ದಿದ್ರೆ ಮತ್ತೆಂತ ಬೇಕು ನಿಮಗೆ?"

"ಒಂದು ಫೋಟೊ ಸಾಕು."

ಉದಯನ ಅಂಗಿ ತೆಗೆಸಿ ಜಗಲಿಯ ನೆರಳಲ್ಲಿ ನಿಲ್ಲಿಸಿದ. ಬೆನ್ನು ಬಗ್ಗಿಸು ಎಂದ, ಹೊಟ್ಟೆ ಸಡಿಲ ಬಿಡು ಎಂದ, ನಗಬೇಡ ಎಂದ. ಹೊನ್ನಿಗೆ ಅಲ್ಲೇ ಮುಳ್ಳು ಚುಚ್ಚಿದಂತಾಯಿತು. ಫೋಟೊ ತೆಗೆಯುವವರೆಲ್ಲ ನಗಿ ನಗಿ ಎನ್ನುವವರು, ಇವನೊಬ್ಬ ಯಾಕೆ ಅಳುಮುಖ ಕೇಳುತ್ತಾನೆ? ಬೈಕು ಹೊರಟಾಗ ಇನ್ನೊಂದು ಅನುಮಾನ ಹುಟ್ಟಿತು. ಅದೇ ಜ್ವರದಲ್ಲಿ ಬೆಂದ ಚೌಡ ಪಕ್ಕದ ಮನೆಯ ಜಗಲಿಯ ಮೇಲೇ ಕೂತಿದ್ದ. ಸೇವೆಗೆ ಬಂದವನು ಆ ಕಡೆ ತಲೆಯನ್ನೂ ತಿರುಗಿಸಲಿಲ್ಲ.

ಸಂಜೆ ಡಬ್ಬ ಬಿಚ್ಚಿ ಮೂಸಿದಳು. ಗಮಗಮ ಪರಿಮಳ. "ಇಷ್ಟು ಚಂದ ವಾಸ್ನೆ ಬಂದ್ರೆ ಒಳಗೆಂತೋ ಮುಚ್ಚಿಟ್ಟಿದ್ರು ಅಂತ್ಲೇ ಲೆಕ್ಕ" ಎಂದು ಮಗನಿಗೆ ಒಂದು ಚಿಟಿಕೆಯನ್ನೂ ಕೊಡದೆ ದಿನಾ ಅಷ್ಟಷ್ಟು ಎಮ್ಮೆಯ ಕಲಗಚ್ಚಿಗೆ ಸುರಿದಳು. ಉದಯನಿಗೆ ಗಂಜಿ, ಒಣಮೀನು, ಮೊಟ್ಟೆ, ಹುರುಳಿ ಸಾರು. ಖಾಲಿಯಾದ ಡಬ್ಬ ಗಟ್ಟಿಯಾಗಿತ್ತೆಂದು ಅದರಲ್ಲಿ ಒಣಮೆಣಸು ತುಂಬಿಟ್ಟಳು.

ಮಳೆಗಾಲದಲ್ಲಿ ಉದಯ ಮತ್ತೆ ಮರ ಹತ್ತಿದ. ಕೊಳೆ ರೋಗಕ್ಕೆ ಮದ್ದು ಹೊಡೆಯುವ ಕೆಲಸ. ದಿನವಿಡೀ ಏರಿ, ತೂಗಿ, ದಾಟಿ ಅವನ ತೋಳು ತೊಡೆ ಮೊದಲಿನಂತೆ ಹುರಿಗಟ್ಟಿದವು. ಚೌತಿ ಕಳೆದ ಮೇಲೆ ಸುಭಾಷ ಮತ್ತೆ ಬಂದ. ಈ ಸಲ ಉದಯನ ಮೈಗೆ ಎಣ್ಣೆ ಹಚ್ಚಿಸಿದ, ಬಿಸಿಲಿಗೆ ನಿಲ್ಲಿಸಿದ, ಉಸಿರು ಕಟ್ಟು ಎಂದ, ನಗು ಎಂದ. ಆಮೇಲೆ ಕಪಾಟಿನ ಮೇಲೆ ತನ್ನದೇ ಡಬ್ಬ ಕಂಡು ಹಿಗ್ಗಿ ಮೊಬೈಲನ್ನು ಹೊನ್ನಿಯ ಮುಖಕ್ಕೆ ಹಿಡಿದ.

"ಅಮ್ಮಾ, ಹೇಳಿ. ಪುಡಿ ಕುಡಿದ ಮೇಲೆ ಮಗ ಹೇಗಾದ?"

ಜನ್ಮವಿಡೀ ಎಚ್ಚರವಾಗಿದ್ದ ಹೊನ್ನಿ ಎಡವಿದ್ದು ಇಲ್ಲಿ. ಮಲಗಿದವರನ್ನು ನೋಡಲು ಬಂದವರು ಕೈಯಲ್ಲಿ ತಂದದ್ದನ್ನು, ಕಿತ್ತಳೆಯಾಗಲಿ ಬ್ರೆಡ್ಡಾಗಲಿ, ಉಪಯೋಗವಾಗಲಿಲ್ಲ ಎನ್ನುವ ಪದ್ಧತಿ ಆ ಕೇರಿಯಲ್ಲಿಲ್ಲ. ಹಾಗಂದರೆ ತಂದವರ ಕೈ ಹಳಿದಂತೆ. ಹೋದ ಕಾಯಿಲೆ ಆ ಮಾತು ಹಿಡಿದು ತಿರುಗಿ ಬರುತ್ತದೆ ಎಂದು ಹಿರಿಯರು ಹೆದರುತ್ತಿದ್ದರು. ಮನೆಗೆ ಬಂದವನ ಮುಖಕ್ಕೆ, ನೀನು ಕೊಟ್ಟದ್ದನ್ನು ಎಮ್ಮೆ ಕುಡಿಯಿತು ಎಂದು ಹೇಗೆ ಹೇಳುವುದು?

"ಹೌದು, ಕುಡ್ದ. ಗಟ್ಟಿ ಆದ" ಎಂದಳು. ಉದಯ ನಗು ತಡೆಯಲಾರದೆ ಬೆನ್ನು ತಿರುಗಿಸಿದ.

ಅಡಿಕೆ ಸುಲಿಯುವ ಕಾಲ ಬಂತು. ಕೇರಿಯ ಹೆಂಗಸರೆಲ್ಲ ತೋಟದ ಒಡೆಯರ ಚಪ್ಪರದಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತಿದ್ದರು. ಯಾರದೋ ಮೊಬೈಲಿನಿಂದ ಹೊನ್ನಿಯದೇ ದನಿ ಕೇಳಿಸಿತು. ಎಡಗಡೆ ಅಳುಮುಖದ ಬಡಕಲ ಉದಯ, ಬಲಗಡೆ ಎಣ್ಣೆಯಲ್ಲಿ ಹೊಳೆಯುವ ಉದಯ. ನಡುವೆ ಹೊನ್ನಿ: ಹೌದು, ಕುಡ್ದ. ಗಟ್ಟಿ ಆದ.

"ಹೊನ್ನಕ್ಕ ಹೀರೋಯಿನ್ ಆದ್ಯಲೇ! ಇನ್ನು ನಮ್ಮ ಜೊತಿಗೆ ಕೂತು ಅಡಿಕೆ ಸುಲೀತ್ಯಾ?"

ಚಪ್ಪರ ಗೊಳ್ಳೆಂದು ನಕ್ಕಿತು. ಹೊನ್ನಿಯೂ ನಕ್ಕಳು. ಆಗ ಪಕ್ಕದಲ್ಲಿದ್ದ ಚೌಡನ ಹೆಂಡತಿ ದೇವಿ ಹೇಳಿದಳು: "ನಗೂದೆಂತಕ್ಕೆ? ಯಾರನ್ನೂ ನಂಬದ ಹೊನ್ನಕ್ಕನೇ ಹೇಳ್ದ ಮ್ಯಾಲೆ ಇನ್ನೆಂತ ಅನುಮಾನ? ನಮ್ಮನೆಯವ್ರಿಗೆ ನಾ ದೀಪಾವಳಿಗೇ ತರಿಸ್ದೆ. ಈಗ ಎರಡ್ನೇ ಡಬ್ಬ ನಡೀತಾ ಅದೆ. ಬಂದು ನೋಡು, ಅವ್ರ ಮುಖ ಹ್ಯಾಂಗೆ ತುಂಬ್ಕಂಡದೆ."

ಹೊನ್ನಿಯ ಕೈ ಕತ್ತಿಯ ಮೇಲೇ ನಿಂತಿತು.

ಕೆಲಸ ಬಿಟ್ಟವಳೇ ಚೌಡನ ಜಗಲಿಗೆ ಹೋದಳು. ಮುಖ ತುಂಬಿದ್ದು ನಿಜ. ಆದರೆ ಕಣ್ಣು ಚಿಕ್ಕವಾಗಿದ್ದವು, ಚಪ್ಪಲಿಯ ಪಟ್ಟಿ ಪಾದಕ್ಕೆ ಕಚ್ಚಿಕೊಂಡಿತ್ತು. ಹೊನ್ನಿ ಕೇಳದೆಯೇ ಅವನ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ದೇವಿ, ಇದು ಮೈ ಬಂದದ್ದಲ್ವೇ. ಬಾವು. ಇವತ್ತೇ ನಿಲ್ಸು ಆ ಪುಡಿ."

"ನಿನ್ ಮಗಂಗೆ ಆಗೂದು ನನ್ ಗಂಡಂಗೆ ಆಗೂದಿಲ್ವಾ?"

"ನನ್ ಮಗ ಅದನ್ನ ನಾಲ್ಗಿಗೂ ಹಾಕ್ಲಿಲ್ಲ ಮಾರಾಯ್ತಿ. ಎಮ್ಮಿಗೆ ಹಾಕ್ದೆ."

ದೇವಿ ಸೊಂಟಕ್ಕೆ ಕೈಯಿಟ್ಟಳು. "ಮೊಬೈಲಲ್ಲಿ ಮಗ ಕುಡ್ದ ಅಂತಿ. ನನ್ನ ಅಂಗ್ಳದಾಗೆ ನಿಂತು ಎಮ್ಮಿ ಕುಡ್ದದೆ ಅಂತಿ. ಯಾವ್ದು ಸುಳ್ಳು? ಇವ್ರು ಹುಷಾರಾಗೂದು ಕಂಡು ಹೊಟ್ಟೆಕಿಚ್ಚಾ ನಿಂಗೆ?"

"ಹೋಗ್ಲಿ ಬಿಡೇ, ಎಮ್ಮಿಯಾರೂ ಗಟ್ಟಿಯಾತಾ ಕೇಳು" ಎಂದು ಚೌಡ ಹಾಸ್ಯ ಮಾಡಿದ. ಅಷ್ಟು ಹೇಳುವುದರೊಳಗೆ ಅವನಿಗೆ ಉಸಿರು ಮೇಲೆ ಬಂತು. ಹೊನ್ನಿಗೆ ನಗು ಬರಲಿಲ್ಲ.

ಮರುದಿನ ಅವಳು ಸಿರಸಿ ಬಸ್ಸು ಹತ್ತಿದಳು. ಸುಭಾಷನ ಅಂಗಡಿಯ ಬಾಗಿಲಲ್ಲಿ ಆಳೆತ್ತರದ ಉದಯ ಎಣ್ಣೆ ಮೈಯಲ್ಲಿ ನಗುತ್ತಿದ್ದ.

"ನನ್ ಮಾತು ತೆಗೀರಿ ಅದ್ರಿಂದ. ನಾ ಸುಳ್ಳು ಹೇಳಿದ್ದು."

"ನಾನೇನು ನಿಮ್ಮ ಬಾಯಲ್ಲಿ ಮಾತು ತುರುಕಿದ್ನಾ ಅಮ್ಮಾ? ನೀವೇ ಹೇಳಿದ್ದು. ಈಗ ಎಲ್ಲರ ಫೋನಲ್ಲೂ ಇದೆ, ಎಲ್ಲಿಂದ ತೆಗೀಲಿ? ಕೂತ್ಕೊಳ್ಳಿ, ತಂಪು ಕುಡೀರಿ."

"ತಂಪು ಬ್ಯಾಡ. ಒಂದು ಹೇಳಿ. ಅದೇ ಜ್ವರ ಬಿದ್ದವ ಪಕ್ಕದ ಜಗಲಿ ಮ್ಯಾಲೇ ಕೂತಿದ್ದ. ಅವ್ನ ಫೋಟೊ ಯಾಕೆ ತೆಗೀಲಿಲ್ಲ ನೀವು?"

ಸುಭಾಷ ಡಬ್ಬಗಳನ್ನು ಸರಿಯಾಗಿ ಜೋಡಿಸತೊಡಗಿದ. "ವಯಸ್ಸಾದವರು ಫೋಟೊದಲ್ಲಿ ಅಷ್ಟು ಚೆನ್ನಾಗಿ ಬರೂದಿಲ್ಲ."

ಹೊನ್ನಿಗೆ ಬೇಕಾದ ಉತ್ತರ ಸಿಕ್ಕಿತು. ಪ್ರಾಯದವನು ಜ್ವರ ಬಿಟ್ಟ ಮೇಲೆ ಉಂಡು, ದುಡಿದು ತಾನಾಗಿ ಎದ್ದು ನಿಲ್ಲುತ್ತಾನೆ. ಇವನು ಮುಂಚೆಯೇ ಬಂದು ಬಡಕಲನ್ನು ಫೋಟೊದಲ್ಲಿ ಹಿಡಿದಿಟ್ಟುಕೊಂಡ, ಎದ್ದ ಮೇಲೆ ಬಂದು ಎದ್ದದ್ದನ್ನು ಹಿಡಿದ. ನಡುವೆ ಡಬ್ಬ ಇಟ್ಟ. ಡಬ್ಬದಲ್ಲಿ ಮಣ್ಣಿದ್ದರೂ ಆ ಎರಡು ಫೋಟೊ ಹಾಗೇ ಬರುತ್ತಿದ್ದವು. ಕೊರತೆಯಿದ್ದದ್ದು ಒಂದು ಸಾಕ್ಷಿಯದು. ಅದನ್ನು ತಾನೇ ಕೊಟ್ಟಿದ್ದಳು.

ಮಾರನೆಯ ಬೆಳಿಗ್ಗೆ ಚಪ್ಪರದಲ್ಲಿ ಎಲ್ಲರೂ ಕೂತ ಮೇಲೆ ಹೊನ್ನಿ ಕೂರಲಿಲ್ಲ. ನಿಂತುಕೊಂಡೇ ಹೇಳಿದಳು. ನಗಬೇಡ ಎಂದದ್ದು, ಎಣ್ಣೆ ಹಚ್ಚಿದ್ದು, ಕಲಗಚ್ಚು, ಮೆಣಸಿನ ಡಬ್ಬ, ದಾಕ್ಷಿಣ್ಯಕ್ಕೆ ಆಡಿದ ಸುಳ್ಳು, ಎಲ್ಲ. ಮೊದಲು ನಕ್ಕರು. ಆಮೇಲೆ ಮೂಲೆಯಿಂದ ಒಬ್ಬಳು ಕೇಳಿದಳು:

"ಬೇರೆ ಪುಡಿಯವ್ರು ಹಿಂಗೆ ಹೇಳು ಅಂದ್ರಾ ಹೊನ್ನಕ್ಕ? ಎಂತ ಕೊಟ್ರು?"

ಹೊನ್ನಿಗೆ ಅದು ಕಪಾಳಕ್ಕೆ ಬಿದ್ದಂತಾಯಿತು. ಬೇರೆಯವರು ಹೀಗೆ ಮಾತು ಬದಲಿಸಿದ್ದರೆ ತಾನೂ ಅದನ್ನೇ ಕೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಹೊನ್ನಿ ದೇವಿಯ ಕಡೆ ತಿರುಗಿದಳು.

"ನನ್ನ ನಂಬೂದು ಬ್ಯಾಡ್ವೇ ದೇವಿ. ಗಂಡನ್ನೂ ಡಬ್ಬವನ್ನೂ ಕರ್ಕಂಡು ಸರ್ಕಾರಿ ಆಸ್ಪತ್ರೆಗೆ ನಡಿ. ಡಾಕ್ಟ್ರು ಹೇಳ್ದನ್ನೂ ಹಂಗೇ ನಂಬಬ್ಯಾಡ. ಪುಡಿ ಬಿಟ್ಟು ಅವ್ರ ಕಾಲು ಒತ್ತಿ ನೋಡು. ಗುಳಿ ಹೇಳ್ತದೆ."

ದೇವಿ ಅರ್ಧ ಸುಲಿದ ಅಡಿಕೆಯನ್ನು ಬುಟ್ಟಿಗೆ ಎಸೆದು ಎದ್ದು ಹೋದಳು. ಮಧ್ಯಾಹ್ನದ ಬಸ್ಸಿಗೆ ಚೌಡನನ್ನು ಕೈಹಿಡಿದು ಹತ್ತಿಸುತ್ತಿದ್ದುದನ್ನು ಉದಯ ನೋಡಿ ಬಂದು ಹೇಳಿದ.

ಡಾಕ್ಟರು ರಕ್ತ, ಮೂತ್ರ ನೋಡಿದರು. ಮೂತ್ರಪಿಂಡ ಸೋತಿದೆ ಎಂದರು. ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, ಇದರಲ್ಲಿ ಏನೇನು ಬೆರೆಸಿದ್ದಾರೋ ನನಗೂ ತಿಳಿಯುವುದಿಲ್ಲ, ಇನ್ನು ಮುಟ್ಟಬೇಡಿ ಎಂದರು. ಉಪ್ಪು ಕಡಿಮೆ, ಮಾತ್ರೆ, ವಾರವಾರ ತಪಾಸಣೆ. ದಿನ ಕಳೆದಂತೆ ಬಾವು ಇಳಿಯಿತು. ಚೌಡನ ಕೆನ್ನೆ ಮತ್ತೆ ಗುಳಿ ಬಿತ್ತು, ಜ್ವರ ಬಿಟ್ಟು ಹೋದಾಗಿನ ಮುಖವೇ ಹೊರಗೆ ಬಂತು. ಹಗ್ಗ ಹಿಡಿಯುವಷ್ಟು ಕಸುವು ಇನ್ನೂ ಬಂದಿಲ್ಲ. ಹೊನ್ನಿಯ ಸುಳ್ಳು ಮಾತ್ರ ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೇ ಇದೆ. ಚಪ್ಪರದಲ್ಲಿ ನಿಂತು ಆಡಿದ ನಿಜ ಕೇರಿ ದಾಟಲಿಲ್ಲ.

ಮೊನ್ನೆ ತಪಾಸಣೆಗೆ ಚೌಡನ ಜೊತೆ ಹೋದವಳು ಹೊನ್ನಿ. ದೇವಿಗೆ ಒಡೆಯರ ಮನೆಯಲ್ಲಿ ಕೆಲಸವಿತ್ತು. ಸಂಜೆ ಹೊನ್ನಿ ಬಟ್ಟಲು ತುಂಬ ಮೀನು ಸಾರು ಹಿಡಿದು ಬಂದಳು.

"ಇನ್ನು ಸ್ವಲ್ಪ ಸ್ವಲ್ಪ ಮೀನು ಕೊಡ್ಬಹುದಂತೆ. ಉಪ್ಪು ಕಮ್ಮಿ ಹಾಕೇ ಮಾಡೀನಿ."

ದೇವಿ ಬಟ್ಟಲು ಮುಟ್ಟಲಿಲ್ಲ. "ಡಾಕ್ಟ್ರು ಹೇಳಿದ್ದಾ, ನೀ ಹೇಳೂದಾ?"

"ಡಾಕ್ಟ್ರೇ."

"ನಾಳೆ ನಾನೇ ಹೋಗಿ ಕೇಳ್ಕಂಡು ಬತ್ತೆ."

"ಹೌದು, ಕೇಳೇ ಬಾ" ಎಂದು ಹೊನ್ನಿ ಬಟ್ಟಲಿಗೆ ತಟ್ಟೆ ಮುಚ್ಚಿ ತಿರುಗಿ ಮನೆಗೆ ಒಯ್ದಳು.