ಅರಿಶಿನ ಮೆತ್ತಿದ ಗಿಟಾರ್

ನಮ್ಮ ಮನೆಯ ಕಟ್ಟಳೆ ಹೀಗಿದೆ: ಚಪ್ಪರದ ದಿನ ಮದುವಣಗಿತ್ತಿಯ ಮೈಗೆ ಅರಿಶಿನ ಬಿದ್ದಮೇಲೆ ಮಂಟಪಕ್ಕೆ ಹೊರಡುವವರೆಗೂ ಅವಳು ಹೊಸಿಲು ದಾಟಬಾರದು, ಬೆಂಕಿ ಮುಟ್ಟಬಾರದು. ಕೂತಲ್ಲಿಗೇ ಊಟ, ಕೂತಲ್ಲಿಗೇ ಕಾಫಿ. ಅಂಥ ರಾಜೋಪಚಾರ ನನಗೆ ಜೀವಮಾನದಲ್ಲಿ ಒಂದೇ ಸಲ ಸಿಕ್ಕಿದ್ದು. ಅದನ್ನೂ ಸಿಡಿಮಿಡಿ ಅನ್ನುತ್ತಲೇ ಕಳೆದೆ. ಕಾರಣ ನಮ್ಮಜ್ಜಿ. ಆದರೆ ಅಜ್ಜಿಯನ್ನು ಬೈಯುವ ಮೊದಲು ಗಿಟಾರಿನ ವಿಷಯ ಹೇಳಬೇಕು.

ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಊರು ಬಿಡುತ್ತಾ ನನಗೆ ದಾಟಿಸಿಹೋದ ಎಲೆಕ್ಟ್ರಿಕ್ ಗಿಟಾರ್ ಅದು. ಚನ್ನರಾಯಪಟ್ಟಣದ ನಮ್ಮ ಮನೆಗೆ ತಂದಾಗ ಅದಕ್ಕೆ ಬಿದ್ದ ಹೆಸರು ಕರೆಂಟಿನ ಗಿಟಾರು. ಮುಂದೆ ನಾನು ಓದಿದ ಕಾಲೇಜಿನ ಪ್ರಯೋಗಾಲಯದಲ್ಲೇ ನನಗೆ ಕೆಲಸ ಸಿಕ್ಕಿತು. ದಿನವಿಡೀ ಹುಡುಗರು ಸುಟ್ಟುಹಾಕಿದ ಸರ್ಕ್ಯೂಟುಗಳನ್ನು ರಿಪೇರಿ ಮಾಡಿ ಬಂದು ಸಂಜೆ ಗಿಟಾರ್ ಹಿಡಿದರೆ ಆಯಾಸ ಎಲ್ಲಿಗೋ ಹೋಗುತ್ತಿತ್ತು. ನಾನು ಪ್ಲಗ್ ಹಾಕಿದ ಕೂಡಲೇ ಅಮ್ಮ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಅದು ಅವಳ ವಿಮರ್ಶೆ.

ನಿಶ್ಚಿತಾರ್ಥದ ದಿನ ಹುಡುಗನ ತಾಯಿ ಗೋಡೆಗೆ ಒರಗಿಸಿದ್ದ ಗಿಟಾರನ್ನು ನೋಡಿದರು. ಅರಕಲಗೂಡಿನ ಹತ್ತಿರದ ಹಳ್ಳಿಯವರು, ಮಾತು ಕಡಿಮೆ. "ಮದ್ವೆ ಆದ್ಮೇಲೂ ಇದ್ನ ಬಾರಿಸ್ತೀಯಾ?" ಎಂದು ಕೇಳಿದರು. ಅದು ಪ್ರಶ್ನೆಯೋ ಎಚ್ಚರಿಕೆಯೋ ನನಗೆ ಇವತ್ತಿಗೂ ಹೇಳಲಾಗದು. "ಊಂ" ಅಂದೆ. ಅವರೂ "ಊಂ" ಅಂದು ಕೋಸಂಬರಿ ತಿನ್ನತೊಡಗಿದರು.

ಆ "ಊಂ" ನಮ್ಮ ಮನೆಯವರ ನಿದ್ದೆ ಕೆಡಿಸಿತು. ಅಮ್ಮನಂತೂ ಗಿಟಾರನ್ನು ಅಟ್ಟಕ್ಕೆ ಹಾಕಿಬಿಡೋಣ ಎಂದು ಹಟ ಹಿಡಿದಳು. ಕೊನೆಗೆ ಒಂದು ಒಪ್ಪಂದವಾಯಿತು. ಆರತಕ್ಷತೆಯ ದಿನ ವೇದಿಕೆಯ ಮೇಲೆ, ಅಷ್ಟೂ ಜನರ ಮುಂದೆ, ನಾನು ಒಂದು ಹಾಡು ನುಡಿಸುವುದು. ಅತ್ತೆ ಆಗುವವರು ಒಪ್ಪಿದರೆ ಗಿಟಾರ್ ನನ್ನ ಜೊತೆ ಬರುತ್ತದೆ. ಮುಖ ಸಿಂಡರಿಸಿದರೆ ಅಟ್ಟ. ಹುಡುಗನಿಗೆ ಫೋನಿನಲ್ಲಿ ಹೇಳಿದಾಗ ಅವನು ನಕ್ಕ. ಅವನು ಹಾಲಿನ ಡೈರಿಯ ಕಾರ್ಯದರ್ಶಿ, ದಿನಾ ಬೆಳಗ್ಗೆ ಊರಿನ ಅರ್ಧ ಜನರ ಜಗಳ ಬಿಡಿಸುವವನು. "ಅವ್ವಂಗೆ ಅದೇನು ಅಂತ್ಲೇ ಗೊತ್ತಿಲ್ಲ. ಒಂದ್ಸಲ ಕೇಳಿಸ್ಬುಡು, ಆಮೇಲೆ ನೋಡಾನ" ಅಂದ. ನನಗೆ ಆ ಧೈರ್ಯವಿರಲಿಲ್ಲ. ಅಟ್ಟ ಹತ್ತಿದ್ದು ನಮ್ಮ ಮನೆಯಲ್ಲಿ ಕೆಳಗಿಳಿದ ದಾಖಲೆ ಇಲ್ಲ.

ಚಪ್ಪರದ ದಿನ ಬೆಳಗ್ಗೆ ಅರಿಶಿನ ಶಾಸ್ತ್ರ ಮುಗಿಯಿತು. ಒರಳು, ಒನಕೆಗಳಿಗೂ ಅರಿಶಿನ ಹಚ್ಚಿ ಕಂಕಣ ಕಟ್ಟಿದರು. ಮಧ್ಯಾಹ್ನ ಸ್ವಲ್ಪ ಬಿಡುವಾದಾಗ ಗಿಟಾರ್ ತರಲು ಹೇಳಿದೆ. ಹೊಸ ತಂತಿ ಹಾಕೋಣ ಎಂದು ಹಳೆಯ ತಂತಿಗಳನ್ನು ಹಿಂದಿನ ದಿನವೇ ಬಿಚ್ಚಿಟ್ಟಿದ್ದೆ. ಬಂದದ್ದು ನನಗಿಂತ ಹಳದಿಯಾಗಿತ್ತು. ಮೈತುಂಬ ಅರಿಶಿನ, ನಡುವೆ ಕುಂಕುಮದ ಬೊಟ್ಟು, ಕತ್ತಿಗೆ ಅರಿಶಿನದ ಕೊಂಬಿನ ಕಂಕಣ. ಮೊದಲು ನಗು ಬಂತು. ಆಮೇಲೆ ನೋಡಿದರೆ ಪಿಕಪ್ಪಿನ ಮುಚ್ಚಳವೇ ಇಲ್ಲ.

ತಂತಿಗಳ ಕೆಳಗೆ ಪಟ್ಟಿಯ ಹಾಗೆ ಕೂತಿರುವುದೇ ಪಿಕಪ್. ಒಳಗೆ ಆಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ. ಮೇಲಿನ ತಂತಿ ಮಿಡಿದದ್ದನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಅದು ಸತ್ತರೆ ಎಲೆಕ್ಟ್ರಿಕ್ ಗಿಟಾರ್ ಬರೀ ಹಲಗೆ. ಕೆಲವು ಗಿಟಾರುಗಳಲ್ಲಿ ಎರಡು ಮೂರು ಇರುತ್ತವೆ. ನನ್ನದು ಅಗ್ಗದ್ದು, ಇದ್ದದ್ದು ಒಂದೇ. ಅದರ ತಾಮ್ರದ ಎಳೆಗಳು ಕಿತ್ತು ಹೊರಗೆ ಬಂದಿದ್ದವು. ಮೀಟರ್ ಇಟ್ಟು ನೋಡಿದೆ. ಮುಳ್ಳು ಅಲ್ಲಾಡಲಿಲ್ಲ.

"ಯಾರು ಇದನ್ನ ಮುಟ್ಟಿದ್ದು?" ಎಂದು ಕೂಗಿದೆ.

ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರುತ್ತಾ ಬಂದಳು. "ನಾನೇ ಕಣವ್ವ. ಆ ಮುಚ್ಳದೊಳ್ಗೆ ಧೂಳು ಕೂತಿತ್ತು. ಕಿತ್ತು, ತೆಂಗಿನ್ ನಾರಲ್ಲಿ ಚೆನ್ನಾಗಿ ಉಜ್ಜಿ ಅರ್ಸಿನ ಅಚ್ದೆ. ಒರ್ಳು ಒನ್ಕೆಗೆಲ್ಲ ಅಚ್ಚಿವ್ನಿ. ಇದು ನಿನ್ ಜೊತೇಲಿ ಓಗೋದಲ್ವಾ, ಇದ್ಯಾಕೆ ಬರೀ ಮೈಲಿರ್ಬೇಕು?"

ನಾನು ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ. ಗಿಟಾರ್ ಜೊತೆಗೆ ಹೋಗುತ್ತದೋ ಇಲ್ಲವೋ ಎಂದು ಮನೆಯೆಲ್ಲ ಗುದ್ದಾಡುತ್ತಿದ್ದಾಗ, ಹೋಗೇ ಹೋಗುತ್ತದೆ ಎಂದು ಲೆಕ್ಕ ಹಾಕಿ ಅದಕ್ಕೂ ಶಾಸ್ತ್ರ ಮಾಡಿದವಳು ಇವಳೊಬ್ಬಳೇ. ಸಿಟ್ಟೂ ಬಂತು, ಅಳುವೂ ಬಂತು, ಅವಳನ್ನು ತಬ್ಬಿಕೊಳ್ಳಬೇಕು ಅಂತಲೂ ಅನಿಸಿತು.

ನಮ್ಮ ಚಿಕ್ಕಮ್ಮ ಟೈಲರ್. ಪೇಟೆ ಬೀದಿಯಲ್ಲಿ ಅವಳದೇ ಅಂಗಡಿ. ಅಳುವುದನ್ನು ನೋಡಿಕೊಂಡು ಕೂರುವ ಜಾತಿಯವಳಲ್ಲ. ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಸತ್ತ ಪಿಕಪ್ಪಿನ ಉದ್ದ, ಅಗಲ, ಎತ್ತರ ತೆಗೆದುಕೊಂಡಳು. "ಅಳ್ತೆ ಯೋಳ್ತೀನಿ, ಹುಡುಗಂಗೆ ಫೋನ್ ಮಾಡು. ಹಾಸನ್ದಲ್ಲಿ ಸಿಕ್ಕೇ ಸಿಗ್ತದೆ."

ಹುಡುಗನಿಗೆ ಅರಿಶಿನ ಮಾರನೆಯ ದಿನವಿತ್ತು, ಹಾಗಾಗಿ ಅವನಿಗೆ ಹೊಸಿಲು ದಾಟಲು ಅಡ್ಡಿಯಿರಲಿಲ್ಲ. ಮದುವೆ ಮನೆಯ ಕೆಲಸ ಬಿಟ್ಟು ಹಾಸನಕ್ಕೆ ಬೈಕಿನಲ್ಲಿ ಓಡಿದ. ಸಂಗೀತ ಉಪಕರಣದ ಅಂಗಡಿಯಲ್ಲಿ ಬಿಡಿ ಪಿಕಪ್ ಇರಲಿಲ್ಲವಂತೆ. ಮೂಲೆಯಲ್ಲಿ ಕತ್ತು ಮುರಿದು ಬಿದ್ದಿದ್ದ ಗಿಟಾರೊಂದರಿಂದ ಬಿಚ್ಚಿಸಿಕೊಂಡು, ರುಮಾಲಿನಲ್ಲಿ ಸುತ್ತಿ, ನಮ್ಮೂರಿಗೆ ಹೊರಟಿದ್ದ ಬಸ್ಸಿನ ಡ್ರೈವರ್ ಕೈಗೆ ಕೊಟ್ಟ. "ಜೋಪಾನ, ಮದ್ವೆದು" ಎಂದು ಹೇಳಿದ್ದನಂತೆ. ಡ್ರೈವರ್ ತಾಳಿಯೇ ಇರಬೇಕೆಂದು ದಾರಿಯುದ್ದಕ್ಕೂ ಜೇಬಿನಲ್ಲಿಟ್ಟುಕೊಂಡು ಬಂದು, ಬಸ್ ಸ್ಟ್ಯಾಂಡಿನಲ್ಲಿ ಅಪ್ಪನ ಎರಡೂ ಕೈಗೆ ಒಪ್ಪಿಸಿದ.

ಈಗ ಬೆಸುಗೆಯ ಪ್ರಶ್ನೆ. ಎರಡು ವೈರುಗಳನ್ನು ಬೆಸೆದರೆ ಮುಗಿಯಿತು. ನನಗದು ಹಲ್ಲುಜ್ಜಿದಷ್ಟು ಸಲೀಸು. ಬೆಸುಗೆ ಕಡ್ಡಿಯನ್ನು ಪ್ಲಗ್ಗಿಗೆ ಹಾಕಿ, ಕಾದಮೇಲೆ ಎತ್ತಿಕೊಳ್ಳಲು ಹೋದಾಗ ಅಜ್ಜಿ ಕೈ ಅಡ್ಡ ಹಿಡಿದಳು.

"ಬೆಂಕಿ ಮುಟ್ಬಾರ್ದು."

"ಇದು ಬೆಂಕಿ ಅಲ್ಲಜ್ಜಿ, ಕರೆಂಟು. ಉರಿ ಎಲ್ಲಿದೆ ತೋರಿಸು."

ಅಜ್ಜಿ ವಾದಕ್ಕೆ ಇಳಿಯಲಿಲ್ಲ. ದೇವರ ಮನೆಯಿಂದ ಒಂದು ಹತ್ತಿಯ ಬತ್ತಿ ತಂದು, ಬಿಸಿಯಾದ ಕಡ್ಡಿಯ ತುದಿಗೆ ಒತ್ತಿದಳು. ಬತ್ತಿ ಕರ್ರಗಾಗಿ ಹೊಗೆಯಾಡಿತು. "ಒಗೆ ಬಂತಲ್ಲವ್ವ" ಅಂದಳು. ತೀರ್ಪು ಆಯಿತು. ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಅಜ್ಜಿಯ ಪರ. ಕಾಲೇಜಿನಲ್ಲಿ ಬೆಸುಗೆ ಕಲಿಸುವವಳು ನಾನು, ನನ್ನ ಮದುವೆಯಲ್ಲಿ ನನ್ನ ಗಿಟಾರನ್ನು ನಾನೇ ಬೆಸೆಯುವಂತಿಲ್ಲ.

ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಕೂತಳು. ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತೆ. ಹಳೆಯ ಪಿಕಪ್ಪಿನ ಸ್ಕ್ರೂಗಳನ್ನು ಅವಳು ತನ್ನ ಗುಂಡಿ ಡಬ್ಬಿಗೆ ಹಾಕಿದಳು. ಹೊಸದು ಗೂಡಿನಲ್ಲಿ ಸ್ವಲ್ಪ ಕೆಳಗೆ ಕುಸಿಯಿತು. ಕಾಲರಿಗೆ ಹಾಕುವ ಕ್ಯಾನ್ವಾಸ್ ಮಡಿಸಿ ಅಡಿಗಿಟ್ಟು ಎತ್ತರ ಸರಿ ಮಾಡಿದಳು. ವೈರುಗಳನ್ನು ಬೆಸೆಯಲು ಹೇಳಿದರೆ ಒಪ್ಪಲಿಲ್ಲ. "ಮೊದ್ಲು ಕಚ್ಚಾ ಹಾಕಾನ. ಟ್ರಯಲ್ ನೋಡ್ದೆ ಹೊಲಿಗೆ ಹಾಕಾಕಿಲ್ಲ ನಾನು" ಎಂದು ಸುಮ್ಮನೆ ತಿರುಚಿ ಸೇರಿಸಿದಳು.

ಸ್ಪೀಕರಿಗೆ ಜೋಡಿಸಿ, ಪಿಕಪ್ಪಿನ ಮೇಲೆ ಸ್ಕ್ರೂಡ್ರೈವರಿನಿಂದ ತಟ್ಟಿದೆ. ಟಕ್ ಎಂದು ಸದ್ದು ಬರಬೇಕು. ಬರಲಿಲ್ಲ. ಮತ್ತೆ ತಟ್ಟಿದೆ. ಅಟ್ಟದ ಏಣಿ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಗರ್ ಎಂದಿತು. ಕಾಯಿ ರುಬ್ಬಲು ಅಮ್ಮ ನಮ್ಮ ಎಕ್ಸ್‌ಟೆನ್ಷನ್ ಬೋರ್ಡನ್ನೇ ಕಿತ್ತುಕೊಂಡು ಹೋಗಿದ್ದಳು. ಚಿಕ್ಕಮ್ಮ ಎದ್ದು ಹೋಗಿ ಬೋರ್ಡ್ ವಾಪಸು ತಂದಳು. ಈ ಸಲ ತಟ್ಟಿದ್ದಕ್ಕೆ ಸ್ಪೀಕರ್ ಎಷ್ಟು ಜೋರಾಗಿ ಟಕ್ ಎಂದಿತೆಂದರೆ ಅಜ್ಜಿಯ ಎಲೆಯಡಿಕೆ ತಟ್ಟೆ ಕೆಳಗೆ ಬಿತ್ತು.

ಆಮೇಲೆ ಬೆಸುಗೆ. ಇಸ್ತ್ರಿ ಹಿಡಿದ ಕೈ, ಕಡ್ಡಿ ಅಲುಗಲಿಲ್ಲ. ನಾನು "ಕಡ್ಡಿ ತೆಗಿ" ಅನ್ನುವಷ್ಟರಲ್ಲಿ ಅವಳು ತೆಗೆದಿರುತ್ತಿದ್ದಳು. ಎರಡನೆಯ ಬೆಸುಗೆಯಲ್ಲಿ ಮಾತ್ರ ಸೀಸ ಮುದ್ದೆಯಾಗಿ ಕೂತಿತು. "ಅದು ಒಳ್ಗೆ ಇರೋದಲ್ವಾ, ಒಳಗಿನ ಅಸ್ತರು ಯಾರ್ ನೋಡ್ತಾರೆ?" ಅಂದಳು. ಹೊಸ ತಂತಿ ಏರಿಸಿ ಸ್ವರ ಕೂಡಿಸಿದೆ. ಪಡಸಾಲೆಯಲ್ಲಿ ಅದುವರೆಗೆ ಹಾಡುತ್ತಿದ್ದ ಸೋಬಾನೆಯ ಧಾಟಿಯನ್ನೇ ಮೆಲ್ಲಗೆ ಹಿಡಿದೆ. ಹೆಂಗಸರು ಒಬ್ಬೊಬ್ಬರಾಗಿ ದನಿ ಸೇರಿಸಿದರು. ಅಮ್ಮ ಅಡುಗೆಮನೆಯ ಬಾಗಿಲು ಮುಚ್ಚಲಿಲ್ಲ. ಅಂಥ ಖುಷಿ ನನಗೆ ಯಾವ ವೇದಿಕೆಯಲ್ಲೂ ಆಗಿಲ್ಲ.

ಮಾರನೆಯ ಸಂಜೆ ಹೊಳೆನರಸೀಪುರದ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ. ರೇಷ್ಮೆ ಸೀರೆ, ಮೊಣಕಾಲುದ್ದದ ಹೂವಿನ ಹಾರ, ಅದರ ಮೇಲೆ ಗಿಟಾರಿನ ಪಟ್ಟಿ. ಫೋಟೋದವನಿಗೆ ನಗು ತಡೆಯಲಾಗದೆ ಕ್ಯಾಮೆರಾ ಅಲ್ಲಾಡುತ್ತಿತ್ತು. ಎಷ್ಟು ಒರೆಸಿದರೂ ಗಿಟಾರಿನ ಸಂದಿಗಳಲ್ಲಿ ಹಳದಿ ಉಳಿದಿತ್ತು. ಹುಡುಗ ಪೇಟ ಸರಿ ಮಾಡಿಕೊಂಡು ಸ್ಪೀಕರಿನ ಪಕ್ಕ ಕಾವಲಿಗೆ ನಿಂತ. ಪ್ಲಗ್ಗಿನ ಹತ್ತಿರ ಯಾರನ್ನೂ ಬಿಡಬೇಡಿ ಎಂದು ನಾನು ಹೇಳಿದ್ದೆ.

ಒಂದು ಹಳೆಯ ಸಿನಿಮಾ ಹಾಡು ನುಡಿಸಿದೆ. ಮೊದಲ ಸಾಲಿನಲ್ಲಿ ಅತ್ತೆ ಕೂತಿದ್ದರು. ಅವರ ಮುಖ ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ. ಹುಡುಗರು ಶಿಳ್ಳೆ ಹಾಕಿದರು, ಅಪ್ಪ ಕುಣಿಯುವ ಹಾಗಿದ್ದರು. ಅತ್ತೆ ಮಾತ್ರ ಅಲುಗಲಿಲ್ಲ. ನಗಲೂ ಇಲ್ಲ, ಮುಖ ಸಿಂಡರಿಸಲೂ ಇಲ್ಲ. ಹಾಡು ಮುಗಿಯಿತು. ಚಪ್ಪಾಳೆ ಇನ್ನೂ ನಡೆಯುತ್ತಿರುವಾಗಲೇ ಅವರು ಎದ್ದು, ಸೆರಗು ಹೊದ್ದು, ಮೆಟ್ಟಿಲು ಹತ್ತಿ ನೇರ ನನ್ನ ಹತ್ತಿರ ಬಂದರು. ಕೆಳಗೆ ಅಮ್ಮ ಚಿಕ್ಕಮ್ಮನ ತೋಳು ಹಿಡಿದುಕೊಂಡಳು.

ಅತ್ತೆ ಗಿಟಾರನ್ನು ನೋಡಿದರು, ಅದರಿಂದ ಹೊರಟ ವೈರನ್ನು ನೋಡಿದರು, ವೈರು ಹೋಗಿ ಸೇರಿದ್ದ ಸ್ಪೀಕರನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಲೇ, ನಮ್ಮೂರಲ್ಲಿ ಸಂಜೆ ಒತ್ತು ವೋಲ್ಟೇಜ್ ಎಲ್ಲೈತ್ಲಾ? ಇದ್ಕೆ ಸಾಲಾಕಿಲ್ಲ. ಮನೆ ತುಂಬಿಸ್ಕೊಳೋ ಒತ್ಗೆ ಒಂದು ಸ್ಟೆಬಿಲೈಜರ್ ತರ್ಸಿ ಮಡಗು."

ಕಣ್ಣು ತುಂಬಿ ಬಂದು, ಎಲ್ಲ ಮರೆತು, ಹಾಗೇ ಅವರ ಕಾಲಿಗೆ ಬಗ್ಗಿದೆ. ಕೊರಳಲ್ಲಿ ನೇತಾಡುತ್ತಿದ್ದ ಗಿಟಾರ್ ಮುಂದಕ್ಕೆ ಜಾರಿ ಅವರ ಮಂಡಿಗೆ ಧಡ್ ಎಂದು ಬಡಿಯಿತು. ಸ್ಪೀಕರಿನಲ್ಲಿ ಆ ಸದ್ದು ಮಂಟಪಕ್ಕೆಲ್ಲ ಕೇಳಿಸಿತು. ಅವರು ಮಂಡಿ ಮುಟ್ಟಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಗಿಟಾರನ್ನು ಹಿಡಿದುಕೊಂಡರು.

"ನಿಧಾನ ಕಣವ್ವ, ಇದ್ಕೇನಾರ ಆದಾತು" ಅಂದರು.