ಇಲ್ಡಮ್ಮನ ಒಂದೇ ಸುಳ್ಳು

ಹರಿಹರದಲ್ಲಿ ಒಂದೂ ಸುಳ್ಳು ಹೇಳದೆ ಇಪ್ಪತ್ತು ವರ್ಷ ಬಾಳಿದವರು ನನಗೆ ತಿಳಿದ ಮಟ್ಟಿಗೆ ಇಲ್ಡಮ್ಮ ಒಬ್ಬಳೇ. ಊರಿನವರಿಗೆ ಆಕೆಯ ಮೇಲಿದ್ದ ದೊಡ್ಡ ದೂರೂ ಅದೇ ಆಗಿತ್ತು. ಆಕೆ ಇಂಗ್ಲೆಂಡಿನವಳು, ಕ್ರೈಸ್ತ ಮಿಷನ್ನಿನವಳು, ಮದುವೆಯಾಗದೆ ಉಳಿದವಳು. ಇದನ್ನೆಲ್ಲ ಊರು ಹೇಗೋ ಹೊಟ್ಟೆಗೆ ಹಾಕಿಕೊಂಡಿತ್ತು. ಆದರೆ ಊಟಕ್ಕೆ ಕರೆದವರು "ಸಾರು ಹೆಂಗೈತ್ರಿ?" ಎಂದು ಕೇಳಿದರೆ "ಉಪ್ಪು ಜಾಸ್ತಿಯಾಗಿದೆ" ಎಂದು ನಗುನಗುತ್ತ ಹೇಳುವವಳನ್ನು ಎರಡನೇ ಸಲ ಯಾರು ಕರೆಯುತ್ತಾರೆ? ನನ್ನ ದೊಡ್ಡಮ್ಮ ಸರ್ವಮಂಗಳಮ್ಮ ಒಂದು ಸಲ ಪಡಸಾಲೆಯಲ್ಲಿ ಎಲೆ ಹಾಕಿ ಬಡಿಸಿ, ಆ ಉಪ್ಪಿನ ಮಾತನ್ನು ಎಷ್ಟೋ ವರ್ಷ ಮರೆತಿರಲಿಲ್ಲ.

ಆಕೆಯ ನಿಜವಾದ ಹೆಸರು ಹಿಲ್ಡಾ ಬ್ರೂಮ್‌ಫೀಲ್ಡ್. ಅಷ್ಟುದ್ದದ ಹೆಸರು ಹೇಳುತ್ತ ಕೂರುವಷ್ಟು ಪುರುಸೊತ್ತು ನಮ್ಮ ಪೇಟೆಗೆ ಇರಲಿಲ್ಲ; ಇಲ್ಡಮ್ಮ ಎಂದು ಕರೆದು ಮುಗಿಸಿತು. ಎರಡನೇ ಮಹಾಯುದ್ಧಕ್ಕೆ ಮುಂಚೆ ಹಡಗಿನಲ್ಲಿ ಬಂದಿಳಿದವಳು. ಮೈಸೂರಿನ ಯಾರೋ ಪಂಡಿತರು ಕಲಿಸಿದ್ದ ಕನ್ನಡ ಹೊತ್ತುಕೊಂಡು ಬಂದು, ಹಾಲಿನವನ ಮನೆ ಮುಂದೆ ನಿಂತು "ತಮ್ಮಲ್ಲಿ ಕ್ಷೀರವು ದೊರೆಯುವುದೇ?" ಎಂದು ಕೇಳಿದಾಗ, ಅವನು ಪುರಾಣ ಹೇಳಲು ಬಂದವರೆಂದು ತಿಳಿದು ಚಾಪೆ ಹಾಸಿದ್ದನಂತೆ. ಎರಡು ವರ್ಷದಲ್ಲಿ ಆಕೆ "ಹಾಲಿಗೆ ನೀರು ಯಾಕ ಹಾಕೀಯ?" ಎಂದು ಅದೇ ಮನೆ ಮುಂದೆ ಜಗಳವಾಡುವ ಮಟ್ಟಕ್ಕೆ ಬಂದಳು.

ಹೊಳೆಯ ಕಡೆ ಹೋಗುವ ದಾರಿಯಲ್ಲಿ ಒಂದು ಹಂಚಿನ ಮನೆ ಹಿಡಿದು ಆಕೆ ಮಕ್ಕಳನ್ನು ಸಾಕುತ್ತಿದ್ದಳು. ಆಸ್ಪತ್ರೆಯಲ್ಲಿ ಬಿಟ್ಟುಹೋದವು, ಕಾಲರಾದಲ್ಲಿ ಹೆತ್ತವರನ್ನು ಕಳೆದುಕೊಂಡವು, ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕವು, ಎಲ್ಲ ಸೇರಿ ಒಂದು ಡಜನ್. ಖರ್ಚಿನ ಹಣ ಆಕೆಯ ದೇಶದ ಮಿಷನ್ ಸಂಘದಿಂದ ಬರುತ್ತಿತ್ತು. ಶನಿವಾರ ಎಲ್ಲರಿಗೂ ಹರಳೆಣ್ಣೆ, ಭಾನುವಾರ ಎಲ್ಲರಿಗೂ ಪ್ರಾರ್ಥನೆ, ಎರಡನ್ನೂ ತಪ್ಪಿಸಿಕೊಳ್ಳುವಂತಿರಲಿಲ್ಲ. "ಮಕ್ಕಳ ಜಾತಿ ಕೆಡಿಸ್ತಾಳೆ" ಎಂದು ಊರು ಬೈಯುತ್ತಿತ್ತು. ಯಾವ ಜಾತಿ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಜಾತಿ ಗೊತ್ತಿಲ್ಲದ ಮಕ್ಕಳನ್ನು ಪಡಸಾಲೆ ದಾಟಿ ಒಳಗೆ ಬಿಡುವಂತಿಲ್ಲ, ಅವರ ಜಾತಿ ಕೆಡುವುದನ್ನೂ ನೋಡುವಂತಿಲ್ಲ. ಇಂಥ ಸಂಕಟದಲ್ಲಿ ಸಿಕ್ಕ ನಮ್ಮ ಬೀದಿಯವರು ಆ ಮಕ್ಕಳಿಗೆ ಏನೂ ಕೊಡದೆ ಸುಮ್ಮನಿದ್ದರು.

ನಾನಾಗ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತ. ದೊಡ್ಡಮ್ಮನ ಮನೆಯಲ್ಲಿ ಉಂಡು, ರೈಲಿನಲ್ಲಿ ಓಡಾಡುತ್ತಿದ್ದೆ. ಆಕೆಯ ಗಂಡ, ನಮ್ಮ ದೊಡ್ಡಪ್ಪ ಮುರುಗೇಶಪ್ಪನವರು, ದಾವಣಗೆರೆಯಲ್ಲಿ ಅರಳೆ ಮಂಡಿ ಇಟ್ಟವರು. ಹರಿಹರದಲ್ಲಿ ಯಾವ ಸಭೆ ನಡೆದರೂ ಅಧ್ಯಕ್ಷರ ಕುರ್ಚಿಯಲ್ಲಿ ಇವರೇ ಕೂತಿರುತ್ತಿದ್ದರು. ಹೀಗಾಗಿ ಮುಂದೆ ನಡೆದದ್ದನ್ನೆಲ್ಲ ನಾನು ಹತ್ತಿರದಿಂದಲೇ ಕಂಡೆ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆ ಮುಗಿದಿತ್ತು. ಇಲ್ಡಮ್ಮನ ಸಂಘದಿಂದ ಒಬ್ಬ ಸಾಹೇಬ ಬರುತ್ತಾನೆ, ಮಕ್ಕಳನ್ನು ಕಣ್ಣಾರೆ ನೋಡಿ ಹಣ ಮುಂದುವರಿಸಬೇಕೋ ನಿಲ್ಲಿಸಬೇಕೋ ತೀರ್ಮಾನಿಸುತ್ತಾನೆ ಎಂಬ ಸುದ್ದಿ ಬಂತು. ಆಕೆ ಅದನ್ನೂ ಬಚ್ಚಿಡಲಿಲ್ಲ. ಕೇಳಿದವರಿಗೆಲ್ಲ "ಅವರು ಬ್ಯಾಡ ಅಂದ್ರೆ ಮನೆ ಮುಚ್ಚಬೇಕು, ಮಕ್ಕಳು ಚೆಲ್ಲಾಪಿಲ್ಲಿ ಆಗ್ತಾರೆ" ಎಂದಳು.

ಆಗ ನಮ್ಮ ಬೀದಿ ಎಚ್ಚೆತ್ತಿತು. ಮಕ್ಕಳ ಗತಿ ಏನು ಎಂದಲ್ಲ. ಅಷ್ಟು ದೂರದಿಂದ ಬಂದವನ ಮುಂದೆ ಹರಿಹರದ ಮಕ್ಕಳು ಬೋಳು ಕುತ್ತಿಗೆಯಲ್ಲಿ ನಿಂತರೆ ಊರಿನ ಮರ್ಯಾದೆ ಏನಾಗಬೇಕು ಎಂದು. ನಮ್ಮಲ್ಲಿ ನೆಂಟರ ಮುಂದೆ ಮಗುವನ್ನು ಹೇಗಿದೆಯೋ ಹಾಗೇ ತಂದು ನಿಲ್ಲಿಸುವ ಪದ್ಧತಿಯಿಲ್ಲ. ಎಣ್ಣೆ ಹಚ್ಚಿ, ತಲೆ ಬಾಚಿ, ಮನೆಯಲ್ಲಿ ಒಡವೆ ಇಲ್ಲದಿದ್ದರೆ ಪಕ್ಕದ ಮನೆಯದನ್ನಾದರೂ ತಂದು ಹಾಕಿಯೇ ಕರೆತರುತ್ತಾರೆ.

"ಮನೆಯೊಳಗೆ ಬಿಡದ ಮಕ್ಕಳ ಮೈಮೇಲೆ ಬಂಗಾರ ಹೆಂಗೆ ಹಾಕ್ತೀಯೇ?" ಎಂದು ದೊಡ್ಡಪ್ಪ ಕೇಳಿದರು.

"ಬಂಗಾರಕ್ಕೆ ಮೈಲಿಗೆ ಐತೇನ್ರಿ? ರೇಷ್ಮೆಗೆ ಐತೇನ್ರಿ?" ಎಂದಳು ದೊಡ್ಡಮ್ಮ. "ಮೈಲಿಗೆ ಇರೋದು ಅನ್ನಕ್ಕೆ, ನೀರಿಗೆ. ಅದನ್ನ ಯಾರು ಕೊಡ್ತಾರೆ ಅವಕ್ಕೆ?"

ಈ ಶಾಸ್ತ್ರ ಇಡೀ ಬೀದಿಗೆ ಒಪ್ಪಿಗೆಯಾಯಿತು. ದೊಡ್ಡಮ್ಮ ಮೂರು ಗಂಡು ಹೆತ್ತವಳು. ಮುಂದಿನದಾದರೂ ಹೆಣ್ಣಾಗಲಿ ಎಂದು ಒಂದು ಪುಟ್ಟ ಅಡ್ಡಿಕೆ ಮಾಡಿಸಿಟ್ಟಿದ್ದಳು, ಕುತ್ತಿಗೆಗೆ ಬಿಗಿಯಾಗಿ ಕೂತು ಹಿಂದೆ ತಿರುಪಿನಿಂದ ಮುಚ್ಚುವಂಥದು. ಹೆಣ್ಣು ಹುಟ್ಟಲಿಲ್ಲ, ಅಡ್ಡಿಕೆ ಪೆಟ್ಟಿಗೆಯಲ್ಲೇ ಉಳಿದಿತ್ತು. ಅದನ್ನು ಆರು ವರ್ಷದ ರೂತಮ್ಮ ಎಂಬ ಹುಡುಗಿಗೆ ಹಾಕಿದಳು. ಎದುರು ಮನೆಯ ಕಸ್ತೂರಮ್ಮ ಬಿಟ್ಟಾಳೇ? ದೊಡ್ಡಮ್ಮ ಒಂದು ಕೊಟ್ಟರೆ ಎರಡು ಕೊಡುವುದು ಆಕೆಯ ವ್ರತ. ಮೊಮ್ಮಕ್ಕಳ ಕಡಗ, ಜಡೆಬಿಲ್ಲೆ ತಂದಳು. ಉಳಿದವರಿಂದ ಜರಿ ಲಂಗಗಳು ಬಂದವು, ಬೆಳ್ಳಿ ಉಡುದಾರಗಳು ಬಂದವು. ದೊಡ್ಡಮ್ಮನಿಗೆ ಅಡ್ಡಿಕೆಯನ್ನು ಯಾರಾದರೂ ಬಿಚ್ಚಿಕೊಂಡಾರು ಎಂಬ ಭಯ ಬೇರೆ. ಇಕ್ಕಳ ತಂದು ತಿರುಪನ್ನು ಬಲವಾಗಿ ಬಿಗಿದಳು. "ಇದೆಲ್ಲ ಬ್ಯಾಡಮ್ಮ, ಇವರು ಬಡ ಮಕ್ಕಳು" ಎಂದು ಇಲ್ಡಮ್ಮ ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ನಿಮಗೆ ತಿಳಿಯಲ್ಲ, ಸುಮ್ಮನಿರ್ರಿ" ಎಂದರು.

ಸಾಹೇಬ ಮಕ್ತುಮ್ ಸಾಬ್‌ನ ಜಟಕಾದಲ್ಲಿ ಬಂದಿಳಿದ. ತೆಳ್ಳಗೆ, ಕೆಂಪಗೆ, ನೋಡಿದರೆ ಒಳ್ಳೆಯ ಮನುಷ್ಯನೇ. ಹಸಿದ ಮಕ್ಕಳನ್ನು ನೋಡಲೆಂದು ಕಡಲು ದಾಟಿ ಬಂದವನ ಮುಂದೆ ಹನ್ನೆರಡು ಮದುಮಕ್ಕಳು ಸಾಲಾಗಿ ನಿಂತಿದ್ದರು. ಅವನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. "ಈ ಚಿನ್ನವೆಲ್ಲ ಮಕ್ಕಳದೇ?" ಎಂದು ಇಲ್ಡಮ್ಮನನ್ನು ಇಂಗ್ಲಿಷಿನಲ್ಲಿ ಕೇಳಿದ. ಪಕ್ಕದಲ್ಲಿದ್ದ ನನಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. ಗಿಲೀಟು ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಇಲ್ಡಮ್ಮ "ಅಲ್ಲ. ಈ ಬೀದಿಯ ಹೆಂಗಸರು ಇವತ್ತಿಗೆಂದು ತಮ್ಮದನ್ನು ಹಾಕಿದ್ದಾರೆ" ಎಂದಳು.

ಸಾಹೇಬನ ಕಣ್ಣು ತುಂಬಿ ಬಂತು. ಗತಿಯಿಲ್ಲದ ಮಕ್ಕಳಿಗೆ ತಮ್ಮ ಚಿನ್ನ ಹಾಕಿ ನೋಡುವ ಜನರನ್ನು ಅವನು ಎಲ್ಲಿ ಕಂಡಿದ್ದ? ಅದರ ಮೇಲೆ ದೊಡ್ಡಪ್ಪ ಅಧ್ಯಕ್ಷರ ಕುರ್ಚಿಯಿಂದ ಎದ್ದು, "ಈ ಮಕ್ಕಳು ಬೇರೆಯಲ್ಲ, ನಮ್ಮ ಮನೆಮಕ್ಕಳು ಬೇರೆಯಲ್ಲ" ಎಂದು ಎದೆ ಮುಟ್ಟಿಕೊಂಡು ಹೇಳಿದರು. ಇಲ್ಡಮ್ಮ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದಳು. ಆಮೇಲೆ ಸಾಹೇಬ ಮಾತಿಗೆ ನಿಂತ. ಅವನು ಒಂದು ವಾಕ್ಯ ಹೇಳುವುದು, ಇಲ್ಡಮ್ಮ ಅದನ್ನು ಕನ್ನಡದಲ್ಲಿ ಹೇಳುವುದು, ಜನ ಚಪ್ಪಾಳೆ ತಟ್ಟುವುದು. ಇಂಥ ಉದಾರ ಜನರನ್ನು ತಾನು ಎಲ್ಲೂ ಕಂಡಿಲ್ಲ ಎಂದ, ಚಪ್ಪಾಳೆ. ಇಂಥ ಊರಿನಲ್ಲಿ ಯಾವ ಮಗುವೂ ಅನಾಥವಲ್ಲ ಎಂದ, ಚಪ್ಪಾಳೆ. ಆದ್ದರಿಂದ ತಮ್ಮ ಸಂಘದ ಹಣ ಇನ್ನು ಇಲ್ಲಿಗೆ ಬೇಕಾಗಿಲ್ಲ, ನಿಜವಾಗಿ ಯಾರೂ ಇಲ್ಲದ ಕಡೆ ಹೋಗಲಿ, ಈ ಮನೆಯನ್ನೂ ಮಕ್ಕಳನ್ನೂ ಊರಿಗೇ ಒಪ್ಪಿಸುತ್ತೇನೆ, ಮಿಸ್ ಬ್ರೂಮ್‌ಫೀಲ್ಡ್ ತಮ್ಮ ದೇಶಕ್ಕೆ ಮರಳಿ ವಿಶ್ರಾಂತಿ ಪಡೆಯಲಿ ಎಂದ. ಇಲ್ಡಮ್ಮ ಒಂದಕ್ಷರ ಬಿಡದೆ ಅದನ್ನೂ ಕನ್ನಡದಲ್ಲಿ ಹೇಳಿದಳು. ರೂಢಿಯಂತೆ ಚಪ್ಪಾಳೆ ಬಿತ್ತು, ಮೊದಲಿಗಿಂತ ಜೋರಾಗಿಯೇ. ನನಗೆ ನಾಚಿಕೆಯಾಯಿತು.

ಸಾಹೇಬನ ಜಟಕಾ ಮೂಲೆ ತಿರುಗಿದ್ದೇ ತಡ, ಹೆಂಗಸರು ಒಡವೆ ಬಿಚ್ಚಿಕೊಳ್ಳತೊಡಗಿದರು. ದೀಪ ಹಚ್ಚುವುದರೊಳಗೆ ಎಲ್ಲ ಅವರವರ ಪೆಟ್ಟಿಗೆ ಸೇರಿತು, ದೊಡ್ಡಮ್ಮನ ಅಡ್ಡಿಕೆಯೊಂದನ್ನು ಬಿಟ್ಟು. ಇಕ್ಕಳದಲ್ಲಿ ಬಿಗಿದ ತಿರುಪು ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟಳು, ಸೋಪು ಹಚ್ಚಿದಳು; ಹುಡುಗಿ ಅಳತೊಡಗಿತು. ಅಕ್ಕಸಾಲಿ ಮೌನೇಶಾಚಾರಿ ಮಗಳ ಸೀಮಂತಕ್ಕೆಂದು ಬಾತಿ ಎಂಬ ಹಳ್ಳಿಗೆ ಹೋಗಿದ್ದ. ಬಂಗಾರವನ್ನು ಅಲ್ಲಿ ಬಿಡುವಂತಿಲ್ಲ, ಹುಡುಗಿಯಿಂದ ಬಿಡಿಸುವಂತಿಲ್ಲ. ದೊಡ್ಡಮ್ಮ ಬಂಗಾರವನ್ನು ಮನೆಗೆ ಕರೆದುಕೊಂಡು ಬಂದಳು. ಹುಡುಗಿ ಅದರ ಜೊತೆಗೆ ಬಂತು.

ಮೊದಲು ಪಡಸಾಲೆಯಲ್ಲಿ ಹಾಸಿದಳು. ಕಳ್ಳರು ಬಂದರೆ ಎಂದು ಹೆದರಿ ನಡುಮನೆಗೆ ತಂದಳು. ಅಲ್ಲೂ ಸಮಾಧಾನವಾಗದೆ ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು. ಬೆಳಿಗ್ಗೆ ಹುಡುಗಿ ಹಸಿವು ಎಂದಿತು. ಅಡ್ಡಿಕೆಯ ಮೇಲಿನ ಕಣ್ಣು ತೆಗೆಯುವಂತಿಲ್ಲವಲ್ಲ, ಅಡಿಗೆಮನೆಯಲ್ಲೇ ತಟ್ಟೆ ಹಾಕಬೇಕಾಯಿತು. ರೂತಮ್ಮ ರೊಟ್ಟಿ ಮುಂದಿಟ್ಟುಕೊಂಡು, ಕೈಮುಗಿದು, ಕಣ್ಣು ಮುಚ್ಚಿ ಕೂತಳು.

"ಉಣ್ಣೋ ಹೊತ್ನಾಗೆ ಎಂಥ ನಿದ್ದೆಯೇ?" ಎಂದು ದೊಡ್ಡಮ್ಮ ಗದರಿದಳು.

"ರೊಟ್ಟಿ ಕೊಟ್ಟಿದ್ದಕ್ಕೆ ದೇವರಿಗೆ ಹೇಳ್ತಿದೀನಿ" ಎಂದಿತು ಹುಡುಗಿ.

"ಕೊಟ್ಟೋಳು ನಾನು."

"ನಿಮ್ಮ ಹೆಸರೂ ಹೇಳೀನಿ."

ದೊಡ್ಡಮ್ಮ ತುಪ್ಪ ತಂದು ಹಾಕಿದಳು. ನಾಲ್ಕೈದು ದಿನ ಹೀಗೇ ನಡೆಯಿತು. ಕೊನೆಕೊನೆಗೆ ಹುಡುಗಿ ಕಣ್ಣು ತೆರೆಯುವವರೆಗೆ ಆಕೆ ಸೌಟು ಹಿಡಿದು ಕಾಯುತ್ತ ನಿಲ್ಲುತ್ತಿದ್ದಳು. ಆಮೇಲೆ ಅಕ್ಕಸಾಲಿ ಬಂದು ಎರಡು ಏಟಿಗೆ ತಿರುಪು ಸಡಿಲಿಸಿದ. ರೂತಮ್ಮ ಇಲ್ಡಮ್ಮನ ಮನೆಗೆ ಹೋದಳು, ಅಡ್ಡಿಕೆ ಪೆಟ್ಟಿಗೆಗೆ ಹೋಯಿತು. ಅಂದು ಸಂಜೆ ದೊಡ್ಡಮ್ಮ ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲ.

ಇತ್ತ ಊರು ಮಕ್ಕಳ ಮನೆ ನಡೆಸಲು ಕಮಿಟಿ ಮಾಡಿತು. ದೊಡ್ಡಪ್ಪ ಅಧ್ಯಕ್ಷರು. ಕಮಿಟಿ ದಾವಣಗೆರೆಯ ಹೋಟೆಲೊಂದರಲ್ಲಿ ಸೇರಿ, ಬೆಣ್ಣೆ ದೋಸೆ ತಿಂದು, ಸಾಹೇಬನಿಗೆ ವಂದನೆ ಸಲ್ಲಿಸುವ ನಿರ್ಣಯ ಮಾಡಿತು. ಇನ್ನೊಮ್ಮೆ ಸೇರಿ ಫೋಟೋ ತೆಗೆಸಿಕೊಂಡಿತು. ಮತ್ತೊಮ್ಮೆ ಸೇರಿದಾಗ ಮಕ್ಕಳ ಮನೆಗೆ ಯಾರ ಅಪ್ಪನ ಹೆಸರಿಡಬೇಕೆಂದು ಜಗಳವಾಗಿ ಅಲ್ಲಿಗೇ ನಿಂತಿತು. ಈ ನಡುವೆ ಜೋಳದ ಚೀಲ ಖಾಲಿಯಾಗಿತ್ತು. ಇಲ್ಡಮ್ಮ ಕೊಡೆ ಹಿಡಿದು ಮಂಡಿಗೆ ಹೋಗಿ ಕೇಳಿದರೆ ದೊಡ್ಡಪ್ಪ "ಬರ್ರಿ, ಕೂಡ್ರಿ, ಕಾಫಿ ತರಿಸ್ತೀನಿ. ಕಮಿಟಿ ವಿಚಾರ ಮಾಡ್ತಾ ಐತೆ" ಎಂದರು. ಆಕೆ ತನ್ನ ಸೈಕಲ್ಲು, ಗಡಿಯಾರ ಮಾರಿ ಒಂದು ತಿಂಗಳು ತಳ್ಳಿದಳು. ಕೊನೆಗೆ ಬೇರೆ ದಾರಿ ಕಾಣದೆ, ಮದರಾಸಿನ ಕಡೆಯ ಅನಾಥಾಶ್ರಮಗಳನ್ನು ಕೇಳಿಕೊಂಡು ಮಕ್ಕಳನ್ನು ಹಂಚಿ ಕಳಿಸಲು ಏರ್ಪಾಡು ಮಾಡಿದಳು. ಇಬ್ಬರು ಒಂದು ಕಡೆ, ಮೂವರು ಇನ್ನೊಂದು ಕಡೆ. ಕನ್ನಡ ಬಿಟ್ಟು ಬೇರೇನೂ ತಿಳಿಯದ ಮಕ್ಕಳು. ಆಕೆ ಅವರ ಬಟ್ಟೆಗಂಟು ಕಟ್ಟುತ್ತ ಅಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಹೊರಡುವ ದಿನ ಮಕ್ತುಮ್ ಸಾಬ್ ಜಟಕಾ ತಂದ, ಅವನ ತಮ್ಮ ಇನ್ನೊಂದನ್ನು ತಂದ. ಬೀದಿಯವರೆಲ್ಲ ಬೀಳ್ಕೊಡಲು ಸೇರಿದ್ದರು. ಕೊಡುವುದೇನೂ ಇಲ್ಲದ ಕಡೆ ನಾವು ತಪ್ಪದೆ ಸೇರುತ್ತೇವೆ. ರೂತಮ್ಮ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಜಟಕಾದ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ಆಗ ದೊಡ್ಡಮ್ಮ ಜನರನ್ನು ತಳ್ಳಿಕೊಂಡು ಬಂದಳು. ಸೆರಗಿನ ಗಂಟಿನಿಂದ ಅಡ್ಡಿಕೆ ತೆಗೆದು, ಯಾರ ಮುಖವನ್ನೂ ನೋಡದೆ ಹುಡುಗಿಯ ಕುತ್ತಿಗೆಗೆ ಹಾಕಿ ತಿರುಪು ತಿರುಗಿಸಿದಳು.

"ಹೋಗೋ ಕೂಸಿಗೆ ಒಂದ್ಸಲ ಹಾಕಿ ನೋಡಾನ ಅಂತ ಬಂದೆ" ಎಂದಳು. ಆಮೇಲೆ ಹಿಂದೆ ಕೈಹಾಕಿ ಹಾಗೂ ಹೀಗೂ ತಡಕಾಡಿ, "ಅಯ್ಯ, ತಿರುಪು ಸಿಕ್ಕಿಕೊಂಡೈತೆ. ಬಿಚ್ಚಾಕೆ ಬರ್ತಿಲ್ಲ. ಬಂಗಾರ ಮದರಾಸಿಗೆ ಕಳ್ಸಾಕಾಗಲ್ಲ, ಅಕ್ಕಸಾಲಿ ನೋಡಿದ್ರೆ ಊರಾಗಿಲ್ಲ. ಕೂಸು ಇಲ್ಲೇ ಇರಬೇಕಾಗ್ತೈತೆ" ಎಂದಳು.

ಅಕ್ಕಸಾಲಿ ಮೌನೇಶಾಚಾರಿ ಆಕೆಯ ಮಗ್ಗುಲಲ್ಲೇ ನಿಂತಿದ್ದ. ಅವನು ಕುದುರೆಯ ಕಿವಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ದೊಡ್ಡಪ್ಪ ಕೆಮ್ಮಿದರು.

ಇಲ್ಡಮ್ಮ ಹತ್ತಿರ ಬಂದು, ಬಗ್ಗಿ, ಎರಡು ಬೆರಳಲ್ಲಿ ತಿರುಪು ಮುಟ್ಟಿ ನೋಡಿದಳು. ಅದು ಸಲೀಸಾಗಿ ತಿರುಗಿದ್ದನ್ನು ನಾನು ಕಂಡೆ, ಹಿಂದೆ ನಿಂತವರೂ ಕಂಡರು. ಈಕೆ ಈಗ ನಿಜ ಹೇಳುತ್ತಾಳೆ, ಹುಡುಗಿ ರೈಲು ಹತ್ತುತ್ತದೆ ಎಂದುಕೊಂಡೆ. ದೊಡ್ಡಮ್ಮ ಆಗ ತಲೆಯೆತ್ತಿ ಆಕೆಯ ಮುಖ ನೋಡಿದಳು. ಇಲ್ಡಮ್ಮ ತಿರುಪನ್ನು ಇನ್ನೆರಡು ಸುತ್ತು ಬಿಗಿಮಾಡಿ ನೆಟ್ಟಗೆ ನಿಂತಳು.

"ಹೌದು ಸರ್ವಮಂಗಳಮ್ಮನೋರೆ, ಸಿಕ್ಕಿಕೊಂಡೈತೆ" ಎಂದಳು. "ಇದು ಬಿಚ್ಚಾಕೆ ಬರಲ್ಲ."

ಕಸ್ತೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆ ಕಡೆ ಓಡಿದಳು. ಎದುರು ಮನೆಗೆ ಒಂದಾದರೆ ತನ್ನ ಮನೆಗೆ ಎರಡು ಎಂಬುದು ಇದ್ದೇ ಇತ್ತಲ್ಲ. ನೋಡನೋಡುತ್ತ ಕಡಗಗಳು ಸಿಕ್ಕಿಕೊಂಡವು, ಉಡುದಾರಗಳು ಸಿಕ್ಕಿಕೊಂಡವು, ಆ ಬೀದಿಯಲ್ಲಿದ್ದ ಒಡವೆಗಳೆಲ್ಲ ಒಂದೇ ಬೆಳಿಗ್ಗೆ ಕೆಟ್ಟುಹೋದವು. ಎಂಟು ಮಕ್ಕಳು ಒಡವೆಯ ಜೊತೆಗೆ ಆಯಾ ಮನೆ ಸೇರಿದರು; ಯಾರೂ ಏನೂ ತಾರದ ನಾಲ್ಕು ಮಕ್ಕಳು ಉಳಿದರು. ಅವರನ್ನಿಟ್ಟುಕೊಂಡು ಇಲ್ಡಮ್ಮ ಅದೇ ಹಂಚಿನ ಮನೆಯಲ್ಲಿ ನಿಂತಳು. ನಾಚಿಕೆಗೋ ಪೈಪೋಟಿಗೋ, ಅವರಿಗೂ ಮನೆಮನೆಯಿಂದ ಜೋಳ ಬರತೊಡಗಿತು. ಕಮಿಟಿ ಸೇರಿ, ಇದೆಲ್ಲ ತನ್ನ ಪರಿಶ್ರಮದ ಫಲವೆಂದು ನಿರ್ಣಯ ಮಾಡಿತು.

ಸಂಘದವರು ಸಂಬಳ ನಿಲ್ಲಿಸಿದರು. ಆಕೆ ವ್ಯಾಪಾರಸ್ಥರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ಬದುಕಿದಳು. ಶನಿವಾರ ಬಂತೆಂದರೆ ಹರಳೆಣ್ಣೆ ಸೀಸೆ ಹಿಡಿದು ಮಕ್ಕಳಿದ್ದ ಮನೆಗಳಿಗೆಲ್ಲ ಹೋಗುತ್ತಿದ್ದಳು. ರೂತಮ್ಮ ಭಾನುವಾರ ಆಕೆಯ ಜೊತೆ ಪ್ರಾರ್ಥನೆಗೂ ಸೋಮವಾರ ದೊಡ್ಡಮ್ಮನ ಜೊತೆ ಗುಡಿಗೂ ಹೋಗಿ ಬರುತ್ತ ಬೆಳೆದಳು. ಎಂಟು ಹತ್ತು ವರ್ಷದ ಮೇಲೆ ಒಂದು ದಿನ ಇಲ್ಡಮ್ಮ ನಮ್ಮ ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತು ಉಣ್ಣುತ್ತಿದ್ದಳು. ಸಾರು ಹೆಂಗೈತೆ ಎಂದು ದೊಡ್ಡಮ್ಮ ಕೇಳಿದ್ದಕ್ಕೆ, ಉಪ್ಪು ಜಾಸ್ತಿ ಎಂದಳು. ನನಗೆ ನಗು ತಡೆಯಲಿಲ್ಲ.

"ಅಲ್ರಮ್ಮ, ಅವತ್ತು ತಿರುಪಿನ ವಿಚಾರದಾಗೆ ಸುಳ್ಳು ಹೇಳಿದ್ರಲ್ಲ, ಅದಕ್ಕೆ ದೇವರ ಹತ್ರ ಕ್ಷಮೆ ಕೇಳಿದ್ರೇನು?" ಎಂದೆ.

ಆಕೆ ತುತ್ತು ಕೆಳಗಿಟ್ಟು, ನೀರು ತುಂಬುತ್ತಿದ್ದ ರೂತಮ್ಮನ ಕಡೆ ನೋಡಿದಳು.

"ಇಲ್ಲ ತಮ್ಮಾ, ಇನ್ನೂ ಕೇಳಿಲ್ಲ" ಎಂದಳು. "ಕ್ಷಮೆ ಕೇಳಿದ್ರೆ ತಪ್ಪು ತಿದ್ದಬೇಕಾಗ್ತೈತೆ. ತಿದ್ದಾಕೆ ಹೋದ್ರೆ ಹುಡುಗೀನ ರೈಲು ಹತ್ತಿಸಬೇಕು."